ಮಾರ್ಕ್‌ಡೌನ್ ಬರಹವನ್ನು ಚಿತ್ರ ಮಾಡುವುದು, ಒತ್ತಕ್ಷರ ಒಡೆಯದ ಹಾಗೆ

ಮೇ ತಿಂಗಳ ಕೊನೆ. ನಮ್ಮ ಊರಿನ ವಾಟ್ಸಾಪ್ ಗುಂಪಿಗೆ ಕೊಳೆ ಮದ್ದಿನ ಅಳತೆ ಬರೆದು ಒಂದು ಫೈಲ್ ಹಾಕಿದೆ. ತೀರ್ಥಹಳ್ಳಿ ಕಡೆಯ ಊರು ನಮ್ಮದು, ಮಳೆ ಹಿಡಿಯುವ ಮೊದಲು ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ಎಂಬ ಈ ಮದ್ದು ಹೊಡೆದು ಮುಗಿಸುವ ಗಡಿಬಿಡಿ ಎಲ್ಲರಿಗೂ. ಹತ್ತೇ ನಿಮಿಷಕ್ಕೆ ಚಿಕ್ಕಪ್ಪನ ಫೋನು ಬಂತು. "ಎಂಥದು ಮಾರಾಯ ಇದು, ಒತ್ತಿದ್ರೆ ಯಾವ ಆ್ಯಪಲ್ಲಿ ತೆಗೀಬೇಕು ಅಂತ ನನ್ನನ್ನೇ ಕೇಳ್ತದೆ. ಒಂದು ಫೋಟೋ ಮಾಡಿ ಹಾಕೋಕೆ ಆಗಲ್ವಾ ನಿಂಗೆ?"

ನಾನು ಹಾಕಿದ್ದು ಮಾರ್ಕ್‌ಡೌನ್ ಫೈಲ್. ನನ್ನ ಕೆಲಸವೇ ಅದರಲ್ಲಿ ಬರೆಯುವುದಾದ್ದರಿಂದ ಕೈ ಅಭ್ಯಾಸಕ್ಕೆ ಹಾಗೇ ಕಳಿಸಿಬಿಟ್ಟಿದ್ದೆ. ಚಿಕ್ಕಪ್ಪ ಹೇಳಿದ್ದು ಸರಿ. ಓದುವವರಿಗೆ ಬೇಕಾದದ್ದು ಚಿತ್ರ. ಆದರೆ ಬರೆಯುವವನಿಗೆ ಬೇಕಾದದ್ದು ತಿದ್ದಲು ಬರುವ ಬರಹ. ಎರಡೂ ಸಿಗುವ ಹಾಗೆ ನಾನು ಈಗ ಹೇಗೆ ಮಾಡುತ್ತಿದ್ದೇನೆ ಎಂಬುದನ್ನು ಇಲ್ಲಿ ಬರೆಯುತ್ತೇನೆ. ಆಜ್ಞೆಗಳನ್ನು ಫೋನಿನಲ್ಲಿ ತಂಗಿಗೆ ಹೇಳಿಕೊಟ್ಟ ಹಾಗೆ ಕನ್ನಡದಲ್ಲೇ ಬಿಡಿಸಿ ಹೇಳುತ್ತೇನೆ, ನೀವು ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಹಾಕಿ.

ಮಾರ್ಕ್‌ಡೌನ್ ಗೊತ್ತಿಲ್ಲದವರಿಗೆ ಎರಡು ಮಾತು. 2004ರಲ್ಲಿ ಜಾನ್ ಗ್ರೂಬರ್ ಎಂಬುವರು ಹೊರತಂದ ಬರೆಯುವ ಪದ್ಧತಿ ಇದು. ನೋಟ್‌ಪ್ಯಾಡಿನಲ್ಲಿ ಬರೆಯುವ ಸಾದಾ ಬರಹವೇ, ನಡುವೆ ನಾಲ್ಕು ಚಿಹ್ನೆ ಇರುತ್ತವೆ ಅಷ್ಟೆ. ಸಾಲಿನ ಮೊದಲು # ಹಾಕಿ ಒಂದು ಜಾಗ ಬಿಟ್ಟರೆ ತಲೆಬರಹ, ಪದದ ಎರಡೂ ಕಡೆ  ** ಹಾಕಿದರೆ ದಪ್ಪ ಅಕ್ಷರ. ವರ್ಡ್ ಬೇಕಿಲ್ಲ, ಕರೆಂಟ್ ಹೋಗಿ ಬಂದು ಆಡುವ ದಿನಗಳಲ್ಲಿ ಹಳೇ ಲ್ಯಾಪ್‌ಟಾಪಿನಲ್ಲೂ ತಟ್ಟನೆ ತೆರೆದುಕೊಳ್ಳುತ್ತದೆ.

ನೇರ ದಾರಿ ಬೇಡ

ಮಾರ್ಕ್‌ಡೌನ್ ಕೊಟ್ಟರೆ ನೇರ ಚಿತ್ರ ಕೊಡುವ ಪುಟ್ಟ ಪ್ರೋಗ್ರಾಂಗಳು ಬೇಕಾದಷ್ಟಿವೆ. ನಾನೂ ಮೊದಲು ಅಂಥದ್ದೇ ಒಂದನ್ನು ಹಿಡಿದೆ. ಇಂಗ್ಲಿಷಿನಲ್ಲಿ ಚೆನ್ನಾಗಿ ಬಂತು. ಕನ್ನಡ ಹಾಕಿದಾಗ "ಶಿವಮೊಗ್ಗ" ಹೋಗಿ "ಶಿವಮೊಗ್‌ಗ" ಆಯಿತು, "ತೀರ್ಥಹಳ್ಳಿ" ಹೋಗಿ "ತೀರ್‌ಥಹಳ್‌ಳಿ" ಆಯಿತು. ಫಾಂಟ್ ಬದಲಾಯಿಸಿದೆ, ಹಾಗೇ ಬಂತು. ಅರ್ಧ ದಿನ ಫಾಂಟನ್ನೇ ಬೈದುಕೊಂಡು ಕೂತಿದ್ದೆ, ಪಾಪ, ಅದರ ತಪ್ಪು ಏನೂ ಇರಲಿಲ್ಲ.

ಕಾರಣ ಹೀಗೆ. ಕಂಪ್ಯೂಟರಿನ ಒಳಗೆ "ಗ್ಗ" ಎಂಬುದು ಒಂದು ಅಕ್ಷರ ಆಗಿರುವುದಿಲ್ಲ. ಗ, ಆಮೇಲೆ ಅರ್ಧಾಕ್ಷರದ ಚಿಹ್ನೆ, ಆಮೇಲೆ ಮತ್ತೊಂದು ಗ, ಹೀಗೆ ಮೂರು ಸಂಕೇತ ಸಾಲಾಗಿ ಕೂತಿರುತ್ತವೆ. ಅವನ್ನು ಕೂಡಿಸಿ ಕೆಳಗೆ ಒತ್ತು ಕೊಡುವುದು, ಅರ್ಕಾವೊತ್ತನ್ನು ಬಲಕ್ಕೆ ಸರಿಸುವುದು, ಇದಕ್ಕೆಲ್ಲ ಬೇರೆಯೇ ಒಂದು ಎಂಜಿನ್ ಬೇಕು. ಕ್ರೋಮ್ ಮತ್ತು ಫೈರ್‌ಫಾಕ್ಸ್ ಎರಡರಲ್ಲೂ ಹಾರ್ಫ್‌ಬಜ್ ಎಂಬ ಎಂಜಿನ್ ಆ ಕೆಲಸ ಮಾಡುತ್ತದೆ. ಚಿತ್ರ ಬಿಡಿಸುವ ಪುಟ್ಟ ಪ್ರೋಗ್ರಾಂಗಳಲ್ಲಿ ಹಲವು ಅದನ್ನು ಬಳಸುವುದೇ ಇಲ್ಲ, ಒಂದೊಂದು ಸಂಕೇತವನ್ನೂ ಬಿಡಿಬಿಡಿಯಾಗಿ ಸಾಲಾಗಿ ಇಟ್ಟುಕೊಂಡು ಹೋಗುತ್ತವೆ. ಪೈಥಾನ್ ಬರೆಯುವವರಿಗೆ ಹೇಳುವುದಾದರೆ, ಪಿಲ್ಲೋ ಲೈಬ್ರರಿಯಲ್ಲಿ ರಕಮ್ ಎಂಬ ಜೊತೆಗಾರ ಇಲ್ಲದಿದ್ದರೆ ಇದೇ ಗತಿ.

ಹಾಗಾಗಿ ನನ್ನ ದಾರಿ ಸ್ವಲ್ಪ ಸುತ್ತು. ಮಾರ್ಕ್‌ಡೌನನ್ನು ಮೊದಲು ವೆಬ್ ಪುಟ ಮಾಡುವುದು, ಅದನ್ನು ಬ್ರೌಸರಿನಲ್ಲಿ ತೆರೆಯುವುದು, ಬ್ರೌಸರಿಂದಲೇ ಅದರ ಚಿತ್ರ ತೆಗೆಸುವುದು. ಕನ್ನಡ ಕೂಡಿಸುವ ಕೆಲಸವನ್ನು ಅದು ಬಲ್ಲವರ ಕೈಗೇ ಕೊಟ್ಟ ಹಾಗಾಯಿತು.

ಮೊದಲು ಬರಹ ಸರಿ ಇರಲಿ

ಚಿತ್ರ ಕೆಟ್ಟಿದೆ ಎಂದು ಕಂಡಾಗ ಹತ್ತರಲ್ಲಿ ಆರು ಸಲ ತಪ್ಪು ಬರಹದಲ್ಲೇ ಇರುತ್ತದೆ, ಇದು ನನ್ನ ಅಂದಾಜು. ಅದಕ್ಕೇ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಸಂಘದವರು ಯಾರಾದರೂ ಹಳೇ ನುಡಿ ಅಥವಾ ಬರಹ ಎಂಬ ತಂತ್ರಾಂಶಗಳಲ್ಲಿ ಟೈಪ್ ಮಾಡಿದ್ದನ್ನು ಕೊಟ್ಟರೆ ಹುಷಾರು. ಆ ಕಾಲದ ಆಸ್ಕಿ ಫಾಂಟುಗಳಲ್ಲಿ ಕಾಣುವುದು ಕನ್ನಡವಾದರೂ ಒಳಗೆ ಇರುವುದು ಇಂಗ್ಲಿಷ್ ಮತ್ತು ಚಿತ್ರವಿಚಿತ್ರ ಗುರುತುಗಳು. ನಿಮ್ಮ ಎಡಿಟರಿಗೆ ಅಂಟಿಸಿದ ಕೂಡಲೇ ತಲೆ ಮೇಲೆ ಗೀಟು ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ಕಸ ಕಾಣಿಸುತ್ತದೆ. ಅದನ್ನು ಮೊದಲು ಯೂನಿಕೋಡಿಗೆ, ಅಂದರೆ ಕನ್ನಡ ಅಕ್ಷರಗಳಿಗೆ ಅವುಗಳದ್ದೇ ಸಂಕೇತ ಇರುವ ಪದ್ಧತಿಗೆ, ಪರಿವರ್ತಿಸಿಕೊಳ್ಳಿ. ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಆದ ಮೇಲೆ ಒಮ್ಮೆ ಓದಿ ನೋಡಿ, ಅರ್ಕಾವೊತ್ತು ಇರುವ ಕಡೆ ಕೆಲವೊಮ್ಮೆ ಎಡವುತ್ತವೆ.

ಇನ್ನೊಂದು, ಎಂಟರ್ ಒತ್ತಿದರೆ ಹೊಸ ಸಾಲು ಬರುತ್ತದೆ ಎಂದು ನಂಬಬೇಡಿ. ಮಾರ್ಕ್‌ಡೌನಿನಲ್ಲಿ ಒಂದು ಎಂಟರ್ ಎಂದರೆ ಬರೀ ಒಂದು ಜಾಗ. ಅಡಿಕೆ ಧಾರಣೆ ಬರೆಯುವಾಗ ನಾನು ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಒಂದರ ಕೆಳಗೆ ಒಂದು ಬರೆದಿದ್ದೆ. ಚಿತ್ರದಲ್ಲಿ ನಾಲ್ಕೂ ಒಂದೇ ಸಾಲಿನಲ್ಲಿ, ಯಾವ ದರ ಯಾವುದಕ್ಕೆ ಎಂದು ತಿಳಿಯದ ಹಾಗೆ ಅಂಟಿಕೊಂಡು ಬಂದವು. ಹೊಸ ಸಾಲು ಬೇಕೆಂದರೆ ಸಾಲಿನ ಕೊನೆಗೆ ಎರಡು ಖಾಲಿ ಜಾಗ ಕೊಟ್ಟು ಎಂಟರ್ ಒತ್ತಬೇಕು. ಹೊಸ ಪ್ಯಾರಾ ಬೇಕಾದರೆ ನಡುವೆ ಒಂದು ಸಾಲು ಪೂರ್ತಿ ಖಾಲಿ ಬಿಡಬೇಕು. ತಲೆಬರಹದ ಮೊದಲು, ಪಟ್ಟಿಯ ಮೊದಲು ಕೂಡ ಒಂದು ಖಾಲಿ ಸಾಲು ಇರಲಿ. ಇಲ್ಲದಿದ್ದರೆ ಮುಂದೆ ಹೇಳುವ ಪ್ಯಾನ್‌ಡಾಕ್ ಅವನ್ನು ಹಿಂದಿನ ಪ್ಯಾರಾಕ್ಕೇ ಸೇರಿಸಿಬಿಡುತ್ತದೆ.

ಅಂಕಿಗಳ ವಿಷಯ ನಮ್ಮವರಿಗೆ ಮಾತ್ರ ಬರುವ ತೊಂದರೆ. 1. 2. 3. ಎಂದು ಬರೆದರೆ ಅದು ಪಟ್ಟಿ ಎಂದು ಗೊತ್ತಾಗುತ್ತದೆ. ೧. ೨. ೩. ಎಂದು ಕನ್ನಡ ಅಂಕಿ ಹಾಕಿದರೆ ಗೊತ್ತಾಗುವುದಿಲ್ಲ, ಎಲ್ಲವೂ ಒಂದೇ ಪ್ಯಾರಾ ಆಗಿ ಕೂಡಿಕೊಳ್ಳುತ್ತವೆ. ಬರೆಯುವಾಗ 1, 2 ಎಂದೇ ಬರೆಯಿರಿ. ಕನ್ನಡ ಅಂಕಿಯೇ ಕಾಣಬೇಕು ಎಂಬ ಆಸೆ ಇದ್ದರೆ ಆಮೇಲೆ ಪುಟದ ರೂಪ ಹೇಳುವ ಸಿಎಸ್‌ಎಸ್‌ನಲ್ಲಿ ಪಟ್ಟಿಯ ಶೈಲಿ ಕನ್ನಡ ಎಂದು ಕೊಟ್ಟರೆ ಬ್ರೌಸರೇ ೧, ೨ ಎಂದು ತೋರಿಸುತ್ತದೆ.

ಕೋಷ್ಟಕ ಬರೆಯುವುದು ಹೀಗೆ. ನನ್ನ ಕೊಳೆ ಮದ್ದಿನ ಫೈಲಿನಲ್ಲಿ ಇದ್ದದ್ದು ಇಷ್ಟೇ:

# ಕೊಳೆ ಮದ್ದು, ನೂರಕ್ಕೆ ಒಂದರ ಅಳತೆ

| ಸಾಮಾನು | ಅಳತೆ |
|:-----------|--------:|
| ಮೈಲುತುತ್ತ | 1 ಕೆಜಿ |
| ಸುಣ್ಣ | 1 ಕೆಜಿ |
| ನೀರು | 100 ಲೀಟರ್ |

ಹೊಳೆಯುವ ಬ್ಲೇಡ್ ಅದ್ದಿ ನೋಡಿ. ಕೆಂಪು ಬಣ್ಣ ಹಿಡಿದರೆ ಇನ್ನೂ ಸುಣ್ಣ ಬೇಕು.

ಎರಡನೇ ಸಾಲಿನ ಗೀಟುಗಳ ಬಲಕ್ಕೆ ಎರಡು ಚುಕ್ಕೆ ಇದ್ದರೆ ಆ ಅಂಕಣ ಬಲಕ್ಕೆ ಸಾಲಾಗುತ್ತದೆ, ಅಂಕಿಗಳಿಗೆ ಅದು ಚೆಂದ. ಅಂಕಣ ಮೂರಕ್ಕಿಂತ ಜಾಸ್ತಿ ಬೇಡ, ಫೋನಿನಲ್ಲಿ ಓದುವವರ ಕಣ್ಣಿಗೆ ಶಿಕ್ಷೆ. ನಿಮ್ಮ ಫೈಲಿನಲ್ಲಿ ಕೋಷ್ಟಕದ ಯಾವುದಾದರೂ ಒಂದು ಸಾಲು ತುಂಬಾ ಉದ್ದವಾದರೆ ಪ್ಯಾನ್‌ಡಾಕ್ ಅಂಕಣಗಳ ಅಗಲವನ್ನು ಗೀಟುಗಳ ಎಣಿಕೆ ನೋಡಿ ಹಂಚುತ್ತದೆ. ಅಂದರೆ ಅಗಲ ಬೇಕಾದ ಅಂಕಣದ ಕೆಳಗೆ ಜಾಸ್ತಿ ಗೀಟು ಹಾಕಿ. ಇದು ಗೊತ್ತಾಗುವ ತನಕ ನನ್ನ ಕೋಷ್ಟಕ ಯಾಕೆ ಒಂದು ದಿನ ಒಂದು ಥರ ಬರುತ್ತದೆ ಎಂದು ತಲೆ ಕೆರೆದುಕೊಳ್ಳುತ್ತಿದ್ದೆ.

ವೆಬ್ ಪುಟ ಮಾಡುವುದು

ಇದಕ್ಕೆ ಪ್ಯಾನ್‌ಡಾಕ್. ಪುಕ್ಕಟೆ ಸಿಗುತ್ತದೆ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಇದೆ. ಇದನ್ನು 2006ರಲ್ಲಿ ಶುರು ಮಾಡಿದ ಜಾನ್ ಮ್ಯಾಕ್‌ಫರ್ಲೇನ್ ಅವರು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರದ ಪ್ರೊಫೆಸರ್. ಒಮ್ಮೆ ಹಾಕಿಕೊಂಡರೆ ಆಮೇಲೆ ನೆಟ್ ಬೇಕಿಲ್ಲ, ಸಿಗ್ನಲ್‌ಗಾಗಿ ಗುಡ್ಡ ಹತ್ತುವ ನಮ್ಮಂಥವರಿಗೆ ಇದು ದೊಡ್ಡ ಅನುಕೂಲ.

ಫೈಲ್ ಇರುವ ಫೋಲ್ಡರಿನಲ್ಲಿ ಟರ್ಮಿನಲ್, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿ, ತೆರೆಯಿರಿ. ಪ್ಯಾನ್‌ಡಾಕ್ ಎಂದು ಬರೆಯಿರಿ, ಜಾಗ ಬಿಟ್ಟು ನಿಮ್ಮ ಫೈಲಿನ ಹೆಸರು, ಜಾಗ, ಒಂದು ಗೀಟು (-) ಮತ್ತು ಎಸ್, ಜಾಗ, ಗೀಟು ಮತ್ತು ಸಿ, ಜಾಗ, ಸಿಎಸ್‌ಎಸ್ ಫೈಲಿನ ಹೆಸರು, ಜಾಗ, ಗೀಟು ಮತ್ತು ಒ, ಜಾಗ, ಕೊನೆಗೆ ಆಗಬೇಕಾದ ಪುಟದ ಹೆಸರು ಚುಕ್ಕೆ ಎಚ್‌ಟಿಎಂಎಲ್. ಎಂಟರ್.

ಗೀಟು ಎಸ್ ಮರೆಯಬೇಡಿ. ಅದು ಇದ್ದರೆ ಮಾತ್ರ ಪೂರ್ತಿ ಪುಟ ಆಗುತ್ತದೆ, ಪುಟದ ತಲೆಯಲ್ಲಿ ಇದು ಯುಟಿಎಫ್-8 ಬರಹ ಎಂದು ಬರೆದಿರುತ್ತದೆ. ಇಲ್ಲದಿದ್ದರೆ ಸಿಗುವುದು ತಲೆಯಿಲ್ಲದ ತುಂಡು. ಬ್ರೌಸರ್ ಊಹೆ ಮಾಡಬೇಕಾಗುತ್ತದೆ, ಊಹೆ ತಪ್ಪಿದರೆ ಕನ್ನಡದ ಜಾಗದಲ್ಲಿ ಕಸ. ಟೈಟಲ್ ಕೊಟ್ಟಿಲ್ಲ ಎಂದು ಪ್ಯಾನ್‌ಡಾಕ್ ಗೊಣಗಬಹುದು, ಸುಮ್ನೆ ಬಿಡಿ, ಚಿತ್ರಕ್ಕೆ ಅದರಿಂದ ಏನೂ ಆಗುವುದಿಲ್ಲ.

ಗೀಟು ಸಿ ಎಂಬುದು ರೂಪಕ್ಕೆ. ಅದನ್ನು ಕೊಡದೆ ಹೋದರೂ ಪ್ಯಾನ್‌ಡಾಕ್ ತನ್ನದೇ ಒಂದು ಸಾದಾ ರೂಪ ಕೊಡುತ್ತದೆ, ಮೊದಲ ಸಲ ನೋಡುವವರು ಅದರಲ್ಲೇ ಮಾಡಿ. ನಿಮ್ಮ ಸಿಎಸ್‌ಎಸ್ ಕೊಟ್ಟ ಕೂಡಲೇ ಅದು ತನ್ನದನ್ನು ಹಿಂದೆಗೆದುಕೊಳ್ಳುತ್ತದೆ, ಹಾಗಾಗಿ ಕೋಷ್ಟಕದ ಗೆರೆ ಸಹಿತ ಎಲ್ಲವನ್ನೂ ನೀವೇ ಹೇಳಬೇಕು.

ನನ್ನ ಸಿಎಸ್‌ಎಸ್ ಹತ್ತು ಸಾಲು ಇದ್ದೀತು. ಬಾಡಿ ಎಂಬ ಭಾಗಕ್ಕೆ ಗರಿಷ್ಠ ಅಗಲ 480 ಪಿಕ್ಸೆಲ್, ಒಳಗಿನ ಪ್ಯಾಡಿಂಗ್ 24 ಪಿಕ್ಸೆಲ್, ಮಾರ್ಜಿನ್ ಸೊನ್ನೆ ಮತ್ತು ಆಟೋ, ಹಿನ್ನೆಲೆ ಬಿಳಿ, ಅಕ್ಷರ 20 ಪಿಕ್ಸೆಲ್, ಸಾಲಿನ ಎತ್ತರ 1.7. ಕೊನೆಯದನ್ನು ಕಡಿಮೆ ಮಾಡಬೇಡಿ. ಇಂಗ್ಲಿಷಿಗೆ 1.4 ಸಾಕಾಗುತ್ತದೆ, ನಮ್ಮಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಫಾಂಟಿನ ಹೆಸರನ್ನೂ ಕೊಡಿ, ಇಲ್ಲದಿದ್ದರೆ ಪ್ರತಿ ಯಂತ್ರದಲ್ಲೂ ಒಂದೊಂದು ಮುಖ. ವಿಂಡೋಸಿನಲ್ಲಿ ನಿರ್ಮಲಾ ಯುಐ ಇದ್ದೇ ಇರುತ್ತದೆ. ನನಗೆ ಓದಲು ಹಿತ ನೋಟೋ ಸಾನ್ಸ್ ಕನ್ನಡ, ತಲೆಬರಹಕ್ಕೆ ಬಲೂ ತಮ್ಮ. ಎರಡೂ ಪುಕ್ಕಟೆ. ಇಳಿಸಿಕೊಂಡು ಯಂತ್ರದಲ್ಲಿ ಹಾಕಿಕೊಳ್ಳಿ, ನೆಟ್‌ನಿಂದ ಎಳೆಯುವ ಹಾಗೆ ಬರೆಯಬೇಡಿ. ನೆಟ್ ಇಲ್ಲದ ದಿನವೇ ಚಿತ್ರ ಬೇಕಾಗುವುದು.

ಚಿತ್ರ ತೆಗೆಯುವುದು

ಒಂದೆರಡು ಸಲ ಮಾತ್ರ ಬೇಕಾದವರಿಗೆ ಫೈರ್‌ಫಾಕ್ಸ್ ಸುಲಭ. ಪುಟವನ್ನು ಅದರಲ್ಲಿ ತೆರೆಯಿರಿ. ಕಂಟ್ರೋಲ್ ಹಿಡಿದು ಪ್ಲಸ್ ಒತ್ತುತ್ತಾ ಝೂಮ್ 200ಕ್ಕೆ ತನ್ನಿ. ಪುಟದ ಮೇಲೆ ರೈಟ್ ಕ್ಲಿಕ್ ಮಾಡಿ ಟೇಕ್ ಸ್ಕ್ರೀನ್‌ಶಾಟ್, ಆಮೇಲೆ ಸೇವ್ ಫುಲ್ ಪೇಜ್. ಕಂಟ್ರೋಲ್, ಶಿಫ್ಟ್, ಎಸ್ ಮೂರನ್ನೂ ಒಟ್ಟಿಗೆ ಒತ್ತಿದರೂ ಅಲ್ಲಿಗೇ ಹೋಗುತ್ತದೆ. ಪರದೆಯಲ್ಲಿ ಕಾಣದೆ ಕೆಳಗೆ ಉಳಿದ ಭಾಗವೂ ಸೇರಿ ಇಡೀ ಪುಟ ಒಂದು ಪಿಎನ್‌ಜಿ ಆಗಿ ಬರುತ್ತದೆ.

ಝೂಮ್ ಯಾಕೆ ಎಂದರೆ, ನನ್ನ ಲ್ಯಾಪ್‌ಟಾಪಿನ ಪರದೆ 1366 ಪಿಕ್ಸೆಲ್ ಅಗಲ. ಝೂಮ್ ಮಾಡದಿದ್ದರೆ ಬರಹ ನಡುವೆ ಚಿಕ್ಕದಾಗಿ ಕೂತು ಎರಡೂ ಕಡೆ ಬರೀ ಬಿಳಿ ಬಯಲು. 200ಕ್ಕೆ ಏರಿಸಿದರೆ ಪುಟಕ್ಕೆ ಸಿಗುವುದು 683 ಪಿಕ್ಸೆಲ್ ಮಾತ್ರ, ಬರಹ ಚಿತ್ರವನ್ನು ಹೆಚ್ಚುಕಡಿಮೆ ತುಂಬಿಕೊಳ್ಳುತ್ತದೆ, ಒಂದೊಂದು ಅಕ್ಷರಕ್ಕೂ ಎರಡು ಪಟ್ಟು ಚುಕ್ಕೆ ಸಿಕ್ಕಿ ಅಂಚು ನುಣುಪಾಗುತ್ತದೆ. ನಿಮ್ಮ ಪರದೆ ಇನ್ನೂ ಅಗಲವಾಗಿದ್ದರೆ ಕಿಟಕಿಯನ್ನು ಎಳೆದು ಕಿರಿದು ಮಾಡಿಕೊಳ್ಳಿ.

ಕ್ರೋಮ್ ಇರುವವರು ಕಂಟ್ರೋಲ್, ಶಿಫ್ಟ್, ಐ ಒತ್ತಿ, ತೆರೆದ ಪೆಟ್ಟಿಗೆಯಲ್ಲಿ ಕಂಟ್ರೋಲ್, ಶಿಫ್ಟ್, ಪಿ ಒತ್ತಿ, ಸ್ಕ್ರೀನ್‌ಶಾಟ್ ಎಂದು ಟೈಪ್ ಮಾಡಿ. ಕ್ಯಾಪ್ಚರ್ ಫುಲ್ ಸೈಜ್ ಎಂಬುದು ಕಾಣುತ್ತದೆ. ಅದೇ ಫಲ.

ವಾರ ವಾರ ಧಾರಣೆ ಹಾಕುವವರಿಗೆ ಇಷ್ಟು ಕ್ಲಿಕ್ ಬೇಜಾರು. ಅವರು ಕ್ರೋಮನ್ನು ಟರ್ಮಿನಲ್‌ನಿಂದಲೇ ಕರೆಯಬಹುದು, ಕಿಟಕಿ ತೆರೆಯದೆಯೇ ಕೆಲಸ ಮುಗಿಸುತ್ತದೆ. ಕ್ರೋಮಿನ ಹೆಸರು ಬರೆದ ಮೇಲೆ ಒಂದೊಂದರ ಮುಂದೆಯೂ ಎರಡೆರಡು ಗೀಟು ಹಾಕಿ ಈ ನಾಲ್ಕು ಮಾತು: ಹೆಡ್‌ಲೆಸ್, ಸ್ಕ್ರೀನ್‌ಶಾಟ್ ಸಮ ಚಿಹ್ನೆ ಚಿತ್ರದ ಹೆಸರು, ವಿಂಡೋ-ಸೈಜ್ ಸಮ 540 ಅಲ್ಪವಿರಾಮ 675, ಫೋರ್ಸ್-ಡಿವೈಸ್-ಸ್ಕೇಲ್-ಫ್ಯಾಕ್ಟರ್ ಸಮ 2. ಕೊನೆಗೆ ಪುಟದ ಪೂರ್ತಿ ವಿಳಾಸ, ಅಂದರೆ ಫೈಲ್, ಎರಡು ಚುಕ್ಕೆ, ಮೂರು ಓರೆಗೀಟು, ಆಮೇಲೆ ಫೋಲ್ಡರಿನ ದಾರಿ. ಬರೀ ಫೈಲಿನ ಹೆಸರು ಕೊಟ್ಟು ಖಾಲಿ ಚಿತ್ರ ಬಂತು ಎಂದು ತಂಗಿ ಮೂರು ಸಲ ಫೋನ್ ಮಾಡಿದ್ದಳು.

540ರ ಎರಡು ಪಟ್ಟು 1080, 675ರ ಎರಡು ಪಟ್ಟು 1350. ಫೋನಿನಲ್ಲಿ ಹಿಡಿಯಲು ಒಳ್ಳೇ ಅಳತೆ. ಆದರೆ ಇಲ್ಲಿ ಕ್ರೋಮ್ ನೀವು ಹೇಳಿದ ಎತ್ತರಕ್ಕೆ ಕತ್ತರಿಸಿ ಕೊಡುತ್ತದೆ, ಕೆಳಗೆ ಬರಹ ಉಳಿದಿದ್ದರೂ ಕೇಳುವುದಿಲ್ಲ. ಪ್ರತಿ ಸಲ ಚಿತ್ರದ ಕೊನೆಯ ಸಾಲು ನೋಡಿಯೇ ಕಳಿಸಿ. ನಾನು ಒಮ್ಮೆ ಎರಡನೇ ಸಲ ಮದ್ದು ಹೊಡೆಯಲು 40ರಿಂದ 45 ದಿನ ಬಿಡಬೇಕು ಎಂದು ಬರೆದಿದ್ದ ಸಾಲನ್ನೇ ಕತ್ತರಿಸಿ ಕಳಿಸಿದ್ದೆ. ಎರಡನೇ ಸಲ ಯಾವಾಗ ಎಂದು ಕೇಳಿ ದಿನವಿಡೀ ಫೋನು.

ಕಂಪ್ಯೂಟರೇ ಇಲ್ಲದವರು ಆಂಡ್ರಾಯ್ಡಿನಲ್ಲಿ ಮಾರ್ಕೋರ್ ಎಂಬ ಆ್ಯಪ್ ಹಾಕಿಕೊಂಡು ಅದರಲ್ಲೇ ಬರೆದು, ಪ್ರಿವ್ಯೂ ತೆರೆದು ಫೋನಿನ ಸ್ಕ್ರೀನ್‌ಶಾಟ್ ತೆಗೆಯಬಹುದು. ರೂಪ ಅಷ್ಟು ನಮ್ಮ ಕೈಯಲ್ಲಿರುವುದಿಲ್ಲ, ಅರ್ಜೆಂಟಿಗೆ ಆಗುತ್ತದೆ.

ಬರಹ ಉದ್ದ ಇದ್ದರೆ

ಸಂಘದ ವಾರ್ಷಿಕ ವರದಿಯಂಥದ್ದನ್ನು ಒಂದೇ ಉದ್ದ ಚಿತ್ರ ಮಾಡಬೇಡಿ. ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ, ಎಷ್ಟು ಉದ್ದವೋ ಅಷ್ಟು ಮಸುಕು. ಅಂಥದ್ದನ್ನು ಬ್ರೌಸರಿನಲ್ಲಿ ಪ್ರಿಂಟ್ ಒತ್ತಿ ಎ4 ಅಳತೆಯ ಪಿಡಿಎಫ್ ಆಗಿ ಉಳಿಸಿ, ಆಮೇಲೆ ಪುಟಕ್ಕೊಂದು ಚಿತ್ರ ಮಾಡಿ. ಲಿನಕ್ಸಿನಲ್ಲಿ ಪಾಪ್ಲರ್ ಜೊತೆ ಬರುವ ಪಿಡಿಎಫ್‌ಟುಪಿಪಿಎಂ ಎಂಬ ಪ್ರೋಗ್ರಾಂ ಇದಕ್ಕೆ ಹೇಳಿ ಮಾಡಿಸಿದ್ದು. ಹೆಸರಿನಲ್ಲಿರುವ ಟು ಎಂಬುದನ್ನು ಟಿ, ಒ ಎರಡೇ ಅಕ್ಷರದಲ್ಲಿ ಬರೆಯಬೇಕು, ಎಲ್ಲ ಸೇರಿಸಿ. ಜೊತೆಗೆ ಗೀಟು ಪಿಎನ್‌ಜಿ, ಗೀಟು ಆರ್ 150 (ಇಂಚಿಗೆ 150 ಚುಕ್ಕೆ) ಕೊಟ್ಟರೆ ಎ4 ಪುಟ 1240ಕ್ಕೆ 1754 ಪಿಕ್ಸೆಲ್ ಬರುತ್ತದೆ, ಫೋನಿಗೆ ಸಾಕು. ಬೋರ್ಡಿಗೆ ಅಂಟಿಸಲು ಅಂಗಡಿಯಲ್ಲಿ ಪ್ರಿಂಟ್ ತೆಗೆಸುವುದಾದರೆ 300 ಕೊಡಿ. ವಿಂಡೋಸಿನವರು ಗಿಂಪ್‌ನಲ್ಲಿ ಪಿಡಿಎಫ್ ತೆರೆದರೆ ಯಾವ ಪುಟ, ಎಷ್ಟು ರೆಸಲ್ಯೂಶನ್ ಎಂದು ಅದೇ ಕೇಳುತ್ತದೆ.

ಪ್ಯಾನ್‌ಡಾಕಿನಿಂದಲೇ ನೇರ ಪಿಡಿಎಫ್ ಮಾಡಬಹುದಲ್ವಾ ಎಂದು ಕೇಳಬಹುದು. ಮಾಡಬಹುದು, ಆದರೆ ಅದಕ್ಕೆ ಅದು ಮಾಮೂಲಿಗೆ ಕರೆಯುವ ಇನ್ನೊಂದು ಪ್ರೋಗ್ರಾಂ, ಪಿಡಿಎಫ್‌ಲೇಟೆಕ್‌ಗೆ ಕನ್ನಡ ಬಾರದು. ಅದರ ಬದಲು ಜೀಲೇಟೆಕ್ ಹಾಕಿಕೊಂಡು, ಅದಕ್ಕೆ ಕನ್ನಡ ಫಾಂಟ್ ಹೇಳಿಕೊಡಬೇಕು. ಒಂದು ನೋಟೀಸಿಗೆ ಅಷ್ಟು ದೊಡ್ಡ ಸಾಮಾನು ಇಳಿಸಿಕೊಳ್ಳುವುದು ನನ್ನ ಮಟ್ಟಿಗೆ ಅತಿಯಾಯಿತು.

ಇಮೇಜ್‌ಮ್ಯಾಜಿಕ್ ಬಳಸಿ ಪಿಡಿಎಫನ್ನು ಚಿತ್ರ ಮಾಡುವವರಿಗೆ ಎರಡು ಎಚ್ಚರಿಕೆ. ಡೆನ್ಸಿಟಿ ಹೇಳದಿದ್ದರೆ ಅದು ಇಂಚಿಗೆ 72 ಚುಕ್ಕೆಯಲ್ಲಿ ತೆಗೆಯುತ್ತದೆ, ಮಂಜಿನಲ್ಲಿ ಆಗುಂಬೆ ಘಾಟಿ ನೋಡಿದ ಹಾಗೆ ಇರುತ್ತದೆ. ಇನ್ನೊಂದು, ಹಿನ್ನೆಲೆ ಬಿಳಿಯಾಗದೆ ಪಾರದರ್ಶಕವಾಗಿ ಉಳಿಯುತ್ತದೆ. ನಿಮ್ಮ ಪರದೆಯಲ್ಲಿ ಬಿಳಿ ಕಾಣಬಹುದು, ಡಾರ್ಕ್ ಮೋಡ್ ಹಾಕಿಕೊಂಡವರ ಫೋನಿನಲ್ಲಿ ಕಪ್ಪಿನ ಮೇಲೆ ಕಪ್ಪು. ಬ್ಯಾಕ್‌ಗ್ರೌಂಡ್ ವೈಟ್, ಆಲ್ಫಾ ರಿಮೂವ್ ಎಂಬ ಎರಡನ್ನೂ ಕೊಡಿ.

ಕಳಿಸುವಾಗ

ಪಿಎನ್‌ಜಿಯಲ್ಲೇ ಇಟ್ಟುಕೊಳ್ಳಿ. ಜೆಪೆಗ್ ಇರುವುದು ಫೋಟೋಗಳಿಗೆ. ಕಣ್ಣಿಗೆ ಗೊತ್ತಾಗದ ವಿವರ ಬಿಟ್ಟು ಗಾತ್ರ ಇಳಿಸುವುದು ಅದರ ಉಪಾಯ, ಆದರೆ ಕಪ್ಪು ಅಕ್ಷರ ಬಿಳಿ ಹಿನ್ನೆಲೆ ಸೇರುವ ಅಂಚಿನಲ್ಲಿ ಅದು ಬಿಟ್ಟದ್ದು ಧೂಳಿನ ಹಾಗೆ ಎದ್ದು ಕಾಣುತ್ತದೆ. ಒತ್ತಕ್ಷರಗಳು ಮೊದಲೇ ಚಿಕ್ಕವು, ಅಲ್ಲಿ ಧೂಳು ಕೂತರೆ ಥ ಯಾವುದು ಧ ಯಾವುದು ಎಂದು ತಿಳಿಯುವುದಿಲ್ಲ. ಪಿಎನ್‌ಜಿ ದೊಡ್ಡದಾಯಿತು ಎನಿಸಿದರೆ ಪಿಎನ್‌ಜಿಕ್ವಾಂಟ್ ಎಂಬ ಪ್ರೋಗ್ರಾಂ ಬಣ್ಣಗಳನ್ನು 256ಕ್ಕೆ ಇಳಿಸಿ ಚಿಕ್ಕದು ಮಾಡುತ್ತದೆ. ಬರೀ ಬರಹ ಇರುವ ಚಿತ್ರಕ್ಕೆ ಅಷ್ಟು ಬಣ್ಣ ಬೇಕಾದಷ್ಟಾಯಿತು.

ಇಷ್ಟೆಲ್ಲ ಮಾಡಿದರೂ ವಾಟ್ಸಾಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಅದು ತನ್ನ ಲೆಕ್ಕಕ್ಕೆ ಮತ್ತೆ ಕುಗ್ಗಿಸಿಯೇ ಕಳಿಸುವುದು. 1080 ಅಗಲದ ಚಿತ್ರಕ್ಕೆ ಅದರಿಂದ ಹೆಚ್ಚೇನೂ ಆಗುವುದಿಲ್ಲ, ಅದಕ್ಕೇ ಆ ಅಳತೆ ಹಿಡಿದದ್ದು. ಪ್ರಿಂಟಿಗೆ ಕಳಿಸುವ 300ರ ಚಿತ್ರವನ್ನು ಮಾತ್ರ ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿ, ಇದ್ದ ಹಾಗೇ ಹೋಗುತ್ತದೆ.

ಚಿತ್ರದ ಕೆಳಗೆ ಅದೇ ಮಾತನ್ನು ಎರಡು ಸಾಲಿನಲ್ಲಿ ಟೈಪ್ ಮಾಡಿಯೂ ಹಾಕಿ. ಚಿತ್ರದೊಳಗಿನ ಅಕ್ಷರ ಗುಂಪಿನಲ್ಲಿ ಹುಡುಕಿದರೆ ಸಿಗುವುದಿಲ್ಲ, ಫೋನಿಂದ ಓದಿಸಿಕೊಂಡು ಕೇಳುವವರಿಗೂ ಅದು ಬರೀ ಒಂದು ಫೋಟೋ. ನಾನು ಮೊನ್ನೆ ಹಾಕಿದ್ದು ಹೀಗೆ: "ಕೊಳೆ ಮದ್ದು: ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್." ಚಿಕ್ಕಪ್ಪ ಆ ಸಾಲನ್ನೇ ಕಾಪಿ ಮಾಡಿ ಇನ್ನೂ ಮೂರು ಗುಂಪಿಗೆ ಹಾಕಿದರು. ಚಿತ್ರ ಬಿಟ್ಟು.